ಹೊಳೆಮತ್ತಿ: ಮೊದಲು ನೆಲ ನೋಡಿ, ಆಮೇಲೆ ಮರ

ಅರ್ಜುನ ತೊಗಟೆಗೆ ಈಗ ಬಲು ಬೇಡಿಕೆ. ಹೃದಯಕ್ಕೆ ಒಳ್ಳೆಯದಂತೆ ಎಂಬ ಮಾತು ಮನೆಮನೆ ತಲುಪಿದೆ. ಗ್ರಂಥಿಗೆ ಅಂಗಡಿಯಲ್ಲಿ ಚಕ್ಕೆ, ಔಷಧಿ ಅಂಗಡಿಯಲ್ಲಿ ಪುಡಿ, ಮಾತ್ರೆ, ಅರಿಷ್ಟ ಎಲ್ಲವೂ ಸಿಗುತ್ತವೆ. ಆದರೆ ಕೈಗೆ ಬಂದ ಚಕ್ಕೆ ಯಾವ ಮರದ್ದೆಂದು ವಿಚಾರಿಸುವವರು ಕಡಿಮೆ. ಅರ್ಜುನದ ಹತ್ತಿರದ ನೆಂಟರೇ ನಮ್ಮ ಕಾಡುಗಳಲ್ಲಿ ನಾಲ್ಕಾರು ಇವೆ. ಅವೆಲ್ಲದರ ತೊಗಟೆಯೂ ಒಗರು, ಒಣಗಿದ ಮೇಲೆ ಹಲವದರ ಒಳಮೈ ಕೆಂಪುಕಂದು. ಮರದಿಂದ ಬಿಡಿಸಿದ ತೊಗಟೆ ತನ್ನ ಗುರುತಿನ ಬಹುಪಾಲನ್ನು ಮರದಲ್ಲೇ ಬಿಟ್ಟು ಬಂದಿರುತ್ತದೆ. ಅದಕ್ಕೇ ಈ ಮರವನ್ನು ಅದು ನಿಂತ ಜಾಗದಲ್ಲೇ, ಕಾಯಿ, ಎಲೆ, ತೊಗಟೆ ಮೂರನ್ನೂ ಕೂಡಿಸಿ ಗುರುತಿಸುವುದನ್ನು ಕಲಿಯಬೇಕು. ಕಲಿಯುವುದು ಕಷ್ಟವೇನಲ್ಲ. ಒಂದು ಮಧ್ಯಾಹ್ನ ಹೊಳೆದಂಡೆಯಲ್ಲಿ ಕಳೆದರೆ ಸಾಕು, ಮತ್ತೆ ಮರೆಯುವುದಿಲ್ಲ.

ಹೆಸರುಗಳನ್ನು ಮೊದಲು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಹೊಳೆಮತ್ತಿ, ನೀರುಮತ್ತಿ, ತೊರೆಮತ್ತಿ, ಕೆಲವು ಕಡೆ ಬಿಳಿಮತ್ತಿ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಅರ್ಜುನ, ಕಕುಭ, ಪಾರ್ಥ. ತಮಿಳರು ನೀರ್‌ಮರುದು ಎನ್ನುತ್ತಾರೆ, ತೆಲುಗರು ತೆಲ್ಲಮದ್ದಿ, ಸಿಂಹಳದವರು ಕುಂಬುಕ್. ಸಸ್ಯಶಾಸ್ತ್ರದಲ್ಲಿ ಇದು ಟರ್ಮಿನೇಲಿಯ ಅರ್ಜುನ. ತ್ರಿಫಲೆಯ ಅಳಲೆ ಮತ್ತು ತಾರೆ, ಮನೆಯಂಗಳದ ಕಾಡುಬಾದಾಮಿ, ಕಾಡಿನ ಕರಿಮತ್ತಿ ಇವೆಲ್ಲ ಇದೇ ಟರ್ಮಿನೇಲಿಯ ಕುಲದವು. ಊರಿನಿಂದ ಊರಿಗೆ ಹೆಸರು ಅದಲುಬದಲಾಗುವುದುಂಟು. ಬರೀ ಮತ್ತಿ ಎಂದರೆ ಬಹುತೇಕ ಕಡೆ ಕರಿಮತ್ತಿ ಎಂದೇ ಅರ್ಥ. ಆದ್ದರಿಂದ ಯಾರಾದರೂ ಮತ್ತಿ ಮರ ತೋರಿಸುತ್ತೇನೆಂದು ಕರೆದೊಯ್ದರೆ ಹೆಸರನ್ನು ನಂಬಿ ಕೂರಬೇಡಿ, ಗುರುತುಗಳನ್ನು ನೋಡಿ.

ನೀರಿನ ಜಾಡು ಹಿಡಿದು

ಹೊಳೆಮತ್ತಿ ಹುಡುಕುವವರು ಗುಡ್ಡ ಹತ್ತಬೇಕಿಲ್ಲ, ಇಳಿಯಬೇಕು. ಹೊಳೆ, ಹಳ್ಳ, ಕೆರೆ ಕೋಡಿ, ನಾಲೆಯ ಅಂಚು ಇದರ ನೆಲೆ. ನೆಲದ ಮೇಲೆ ನೀರು ಕಾಣದ ಜಾಗದಲ್ಲಿ ತಾನಾಗಿ ಬೆಳೆದ ಹೊಳೆಮತ್ತಿ ಇದ್ದರೆ ಅದರ ಬೇರಿಗೆ ತಳದಲ್ಲಿ ಎಲ್ಲೋ ತೇವ ಸಿಕ್ಕಿದೆ ಎಂದೇ ತಿಳಿಯಬಹುದು. ಕರ್ನಾಟಕದಲ್ಲಿ ಇದನ್ನು ಕಣ್ತುಂಬ ನೋಡಬೇಕೆಂದರೆ ಕಾವೇರಿಯ ದಂಡೆಗೆ ಹೋಗಬೇಕು. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಈ ಮರಗಳಿವೆ. ಇನ್ನೂ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಸಂಗಮದ ಕಡೆ ಹೋದರೆ ನದಿಯ ಎರಡೂ ದಡದಲ್ಲಿ ಹುಣಸೆ, ಹೊಂಗೆಗಳ ಜೊತೆ ಭಾರಿ ಹೊಳೆಮತ್ತಿಗಳು ನೀರಿನ ಕಡೆಗೆ ವಾಲಿಕೊಂಡು ನಿಂತಿರುತ್ತವೆ. ಪ್ರವಾಹ ಮಣ್ಣು ಕೊಚ್ಚಿ ಒಯ್ದ ಕಡೆ ಬೇರುಗಳು ಬಂಡೆಯನ್ನು ತಬ್ಬಿಕೊಂಡಿರುವುದು ಬರಿಗಣ್ಣಿಗೆ ಕಾಣುತ್ತದೆ. ಕಾವೇರಿ ವನ್ಯಜೀವಿಧಾಮದ ಬೂದು ಬಣ್ಣದ ದೈತ್ಯ ಅಳಿಲು ಬದುಕುವುದು ಇಂಥ ದಂಡೆಯ ಮರಗಳ ಕೊಂಬೆಗಳಲ್ಲೇ. ಒಂದು ಮರದಿಂದ ಇನ್ನೊಂದಕ್ಕೆ ನೆಲಕ್ಕಿಳಿಯದೆ ದಾಟಬೇಕಾದ ಪ್ರಾಣಿ ಅದು. ದಡದ ಸಾಲಿನಲ್ಲಿ ಒಂದು ಮರ ಒಣಗಿದರೂ ಅದರ ದಾರಿ ಕಡಿಯುತ್ತದೆ. ತೊಗಟೆಯ ಮಾತು ಬಂದಾಗ ಇದನ್ನು ನೆನಪಿನಲ್ಲಿಡಬೇಕು.

ನೆಟ್ಟು ಬೆಳೆಸಿದ ಮರಗಳು ಬೇರೆಡೆಯೂ ಸಿಗುತ್ತವೆ. ಬೆಂಗಳೂರು, ಮೈಸೂರಿನ ಉದ್ಯಾನಗಳಲ್ಲಿ, ರಸ್ತೆ ಬದಿಯಲ್ಲಿ ಇದೆ. ಹೊಸದಿಲ್ಲಿ ಕಟ್ಟಿದಾಗ ರಸ್ತೆಗಳಿಗೆ ಆರಿಸಿದ ಸಾಲುಮರಗಳಲ್ಲಿ ಇದೂ ಒಂದು. ಭಾಗವತದಲ್ಲಿ ಒರಳಿಗೆ ಕಟ್ಟಿಹಾಕಿಸಿಕೊಂಡ ಬಾಲಕೃಷ್ಣ ಉರುಳಿಸಿದ ಜೋಡಿ ಮರಗಳೂ ಇವೇ, ಯಮಳಾರ್ಜುನ.

ಕಾಯಿಯಿಂದಲೇ ಶುರು

ಮರ ಸಿಕ್ಕಿತು ಎನ್ನಿಸಿದ ಕೂಡಲೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನನ್ನ ಸಲಹೆ ಬೇರೆ: ಮೊದಲು ಬುಡದ ನೆಲ ನೋಡಿ. ಹೊಳೆಮತ್ತಿಯ ಕಾಯಿ ಮರದಂತೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಹೋದ ವರ್ಷದ ಕಾಯಿಗಳು ಎಲೆಕಸದ ನಡುವೆ ಬಹುತೇಕ ಎಲ್ಲ ಕಾಲದಲ್ಲೂ ಸಿಗುತ್ತವೆ. ಎಲೆಯ ಆಕಾರ ಕೊಂಬೆಯಿಂದ ಕೊಂಬೆಗೆ ಬದಲಾಗುತ್ತದೆ, ತೊಗಟೆ ವಯಸ್ಸಿನ ಜೊತೆ ಬದಲಾಗುತ್ತದೆ. ಕಾಯಿ ಮಾತ್ರ ಬದಲಾಗುವುದಿಲ್ಲ.

ಒಂದನ್ನು ಕೈಗೆತ್ತಿಕೊಳ್ಳಿ. ಎರಡೂವರೆಯಿಂದ ಐದು ಸೆಂಟಿಮೀಟರ್ ಉದ್ದ, ಕಂದು ಬಣ್ಣ, ನಾರಿನ ಗಟ್ಟಿ ಮೈ. ಉದ್ದಕ್ಕೂ ಐದು ಏಣುಗಳು ಎದ್ದಿರುತ್ತವೆ, ಇವೇ ರೆಕ್ಕೆಗಳು. ಅಡ್ಡಲಾಗಿ ಕೊಯ್ದರೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ಕೊಯ್ಯಲು ಮಾಮೂಲಿ ಚಾಕು ಸಾಲದು, ಗರಗಸ ಬೇಕು. ಈಗ ಒಂದು ರೆಕ್ಕೆಯನ್ನು ಬೆಳಕಿಗೆ ವಾರೆಯಾಗಿ ಹಿಡಿದು ನೋಡಿ. ಅದು ದಪ್ಪ, ತೊಗಲಿನಂತೆ ಬಿರುಸು, ಅಗಲ ಕಡಿಮೆ. ಅದರ ಮೇಲೆ ಸಣ್ಣ ಗೆರೆಗಳಿವೆ. ಆ ಗೆರೆಗಳು ಕಾಯಿಯ ನಡುದಿಂಡಿನಿಂದ ಹೊರಟು ಅಂಚಿನತ್ತ ಹೋಗುವಾಗ ಮೇಲ್ಮುಖವಾಗಿ ಬಾಗುತ್ತವೆ. ಈ ಬಾಗು ಹೊಳೆಮತ್ತಿಯ ಖಚಿತ ಗುರುತು.

ಯಾಕೆಂದರೆ ಕರಿಮತ್ತಿಯ ಕಾಯಿಗೂ ಐದೇ ರೆಕ್ಕೆ. ಐದು ರೆಕ್ಕೆ ಎಣಿಸಿ ಅರ್ಜುನವೆಂದು ತೀರ್ಮಾನಿಸಿದರೆ ಇಲ್ಲೇ ದಾರಿ ತಪ್ಪುತ್ತದೆ. ಕರಿಮತ್ತಿಯ ರೆಕ್ಕೆ ಅಗಲ, ತೆಳು, ಗಾಳಿಗೆ ತೇಲಲು ಮಾಡಿದಂಥದ್ದು. ಅದರ ಗೆರೆಗಳು ಬಾಗದೆ ನೇರವಾಗಿ ಅಡ್ಡಕ್ಕೆ ಅಂಚಿನವರೆಗೂ ಹೋಗುತ್ತವೆ. ಎರಡು ಕಾಯಿಗಳನ್ನೂ ಅಕ್ಕಪಕ್ಕ ಇಟ್ಟರೆ ಮಗುವೂ ಬೇರೆ ಮಾಡಬಲ್ಲದು. ಹಾಗಾಗಿ ಔಷಧಿ ಗಿಡಗಳಲ್ಲಿ ಆಸಕ್ತಿ ಇರುವವರು ಎರಡರ ಒಂದೊಂದು ಕಾಯಿ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತು ಫೋಟೊ ನೋಡುವುದಕ್ಕಿಂತ ಅದು ಮೇಲು.

ತೊಗಟೆ, ಎಲೆ, ಹೂ

ಕಾಯಿ ಹೊಂದಿತು ಎಂದ ಮೇಲೆ ಕಾಂಡಕ್ಕೆ ಬನ್ನಿ. ದೊಡ್ಡ ಹೊಳೆಮತ್ತಿ 20ರಿಂದ 25 ಮೀಟರ್ ಎತ್ತರ ಹೋಗುತ್ತದೆ. ಬುಡದಲ್ಲಿ ಕಾಂಡ ಗೋಡೆಗಳ ಹಾಗೆ ಹರಡಿ ಆನಿಕೆ ಕೊಟ್ಟುಕೊಂಡಿರುತ್ತದೆ. ಮೇಲೆ ಅಗಲವಾದ ಹಂದರ, ಕೊನೆಯ ರೆಂಬೆಗಳು ಕೆಳಕ್ಕೆ ಜೋತುಬಿದ್ದಿರುತ್ತವೆ. ತೊಗಟೆ ನುಣುಪು. ಬೂದಿ, ನಸುಗೆಂಪು, ತಿಳಿಹಸಿರು ಬಣ್ಣಗಳು ಅಲ್ಲಲ್ಲಿ ತೇಪೆತೇಪೆಯಾಗಿ ಕಾಣುತ್ತವೆ, ಯಾಕೆಂದರೆ ಹಳೆಯ ಹೊರಪದರ ತೆಳ್ಳಗಿನ, ಅಂಕುಡೊಂಕು ಅಂಚಿನ ದೊಡ್ಡ ಹಾಳೆಗಳಾಗಿ ಹಕ್ಕಳೆ ಎದ್ದು ಉದುರುತ್ತದೆ, ಅದರಡಿಯ ಹೊಸ ಮೈ ಬೇರೆ ಬಣ್ಣದ್ದು. ಸೀಬೆ ಮರದ ಕಾಂಡವನ್ನು ನೆನೆಸಿಕೊಂಡು ಅದನ್ನೇ ಹತ್ತಾರು ಪಟ್ಟು ದಪ್ಪ ಮಾಡಿಕೊಂಡರೆ ಹೊಳೆಮತ್ತಿಯ ಕಾಂಡ ಕಣ್ಣಿಗೆ ಕಟ್ಟುತ್ತದೆ. ಅಂಗೈ ಇಟ್ಟು ಸವರಿದರೆ ತಣ್ಣಗೆ, ಜಾರುವಷ್ಟು ನುಣುಪು.

ಕರಿಮತ್ತಿಯದು ಇದಕ್ಕೆ ಪೂರ್ತಿ ವಿರುದ್ಧ. ಕಡು ಬೂದಿಯಿಂದ ಕಪ್ಪು, ಆಳವಾಗಿ ಬಿರಿದು ಚೌಕ ಚೌಕದ ಬಿಲ್ಲೆಗಳಾಗಿ ಒಡೆದ ದಪ್ಪ ತೊಗಟೆ, ಮೊಸಳೆ ಚರ್ಮದ ಮರ ಎಂದು ಇಂಗ್ಲಿಷಿನವರು ಕರೆದದ್ದೇ ಅದನ್ನು. ಬಂಡೀಪುರ, ನಾಗರಹೊಳೆಯ ಎಲೆಯುದುರು ಕಾಡಿನಲ್ಲಿ ತೇಗದ ಜೊತೆ ಎದ್ದು ಕಾಣುವ ಮರ ಅದು. ಬೇಸಿಗೆಯಲ್ಲಿ ಬೋಳಾಗಿ ನಿಲ್ಲುತ್ತದೆ. ಅದರ ಕೆಲವು ಮರಗಳು ಕಾಂಡದೊಳಗೆ ನೀರು ಕೂಡಿಟ್ಟುಕೊಳ್ಳುತ್ತವೆ. 2024ರಲ್ಲಿ ಆಂಧ್ರದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಸಿಬ್ಬಂದಿ ಅಂಥದ್ದೊಂದು ಮರದ ತೊಗಟೆಗೆ ಕಚ್ಚು ಹಾಕಿದಾಗ ನಲ್ಲಿ ಬಿಟ್ಟಂತೆ ನೀರು ಚಿಮ್ಮಿದ ದೃಶ್ಯವನ್ನು ಬಹಳ ಜನ ನೋಡಿದ್ದಾರೆ. ಅದು ನಲ್ಲಮದ್ದಿ, ಎಂದರೆ ನಮ್ಮ ಕರಿಮತ್ತಿ, ಅರ್ಜುನ ಅಲ್ಲ. ಆ ದೃಶ್ಯ ನೋಡಿ ಹೊಳೆಮತ್ತಿಗೆ ಕೊಡಲಿ ಹಾಕಬೇಡಿ, ಅಲ್ಲಿ ನೀರು ಬರುವುದಿಲ್ಲ. ಕರಿಮತ್ತಿಗೂ ಹಾಕಬೇಡಿ.

ಮಲೆನಾಡಿನಲ್ಲಿ ಇನ್ನೊಂದು ಮರದ ಬಗ್ಗೆ ಎಚ್ಚರ ಬೇಕು: ನಂದಿ. ಅದರ ತೊಗಟೆಯೂ ಬಿಳಿಚು, ನುಣುಪು, ಕಾಗದದಂಥ ಪಟ್ಟಿಗಳಾಗಿ ಸುಲಿಯುತ್ತದೆ. ದೂರದಿಂದ ನೋಡಿದವರು ಹೊಳೆಮತ್ತಿ ಎಂದರೆ ಅವರ ತಪ್ಪಲ್ಲ. ಹತ್ತಿರ ಹೋದರೆ ಸಂಶಯ ಉಳಿಯುವುದಿಲ್ಲ. ನಂದಿಯ ಕಾಯಿಗೆ ರೆಕ್ಕೆಯೇ ಇಲ್ಲ, ಒಣಗಿ ಬಿರಿಯುವ ಪುಟ್ಟ ಕಾಯಿ ಅದು. ಕಿಂದಳ ಅಥವಾ ಹುಣಾಲು ಎನ್ನುವ ಮರದ ಕಾಯಿಗೆ ರೆಕ್ಕೆ ಮೂರು, ಒಂದು ದೊಡ್ಡದು, ಎರಡು ಸಣ್ಣವು. ಮಳೆಗಾಲ ಮುಗಿಯುತ್ತಿದ್ದಂತೆ ಅದರ ಇಡೀ ನೆತ್ತಿ ಕೆಂಪಾಗಿ ದೂರಕ್ಕೇ ಕಾಣುತ್ತದೆ. ಹೊಳೆದಾಸವಾಳಕ್ಕೆ ನೇರಳೆ ಬಣ್ಣದ ದೊಡ್ಡ ಹೂ, ಗೊಂದಲಕ್ಕೆ ಎಡೆಯೇ ಇಲ್ಲ.

ಎಲೆಗೆ ಬರೋಣ. ರೆಂಬೆಯಲ್ಲಿ ಎಲೆಗಳು ಎದುರುಬದುರು ಅಥವಾ ಹೆಚ್ಚುಕಡಿಮೆ ಎದುರುಬದುರು ಇರುತ್ತವೆ. ಉದ್ದನೆಯ ಎಲೆ, ಸಾಮಾನ್ಯವಾಗಿ ಗೇಣಿಗಿಂತ ಕಡಿಮೆ, ಮೇಲ್ಮೈ ಮಂಕು ಹಸಿರು, ಕೆಳಮೈ ಇನ್ನೂ ಪೇಲವ. ಬುಡ ಎರಡು ಬದಿಗೂ ಸಮವಾಗಿರದೆ ಒಂದು ಕಡೆ ತುಸು ಕೆಳಗಿಳಿದಿರುವುದುಂಟು. ತೊಟ್ಟು ಗಿಡ್ಡ, ಹೆಚ್ಚೆಂದರೆ ಒಂದು ಸೆಂಟಿಮೀಟರ್. ಈ ತೊಟ್ಟು ಎಲೆಯನ್ನು ಸೇರುವ ಜಾಗದಲ್ಲಿ ಎರಡು ಪುಟ್ಟ ಗುಬ್ಬಿಗಳಿರುತ್ತವೆ, ಸಾಸಿವೆ ಕಾಳಿಗಿಂತ ಚಿಕ್ಕವು. ಇವು ಗ್ರಂಥಿಗಳು. ಹೆಬ್ಬೆರಳಿನ ಉಗುರನ್ನು ತೊಟ್ಟಿನುದ್ದಕ್ಕೆ ಮೆಲ್ಲಗೆ ಎಳೆದರೆ ಕಣ್ಣಿಗಿಂತ ಮೊದಲು ಉಗುರಿಗೆ ತಾಕುತ್ತವೆ. ಎಲ್ಲ ಎಲೆಯಲ್ಲೂ ಇರಲೇಬೇಕೆಂದಿಲ್ಲ, ಆದ್ದರಿಂದ ನಾಲ್ಕೈದು ಎಲೆ ನೋಡಿ. ಕರಿಮತ್ತಿಯಲ್ಲಿ ಈ ಗ್ರಂಥಿಗಳು ಎಲೆಯ ಕೆಳಮೈಯಲ್ಲಿ, ನಡುನರದ ಮೇಲೆ, ಬುಡದಿಂದ ತುಸು ಮುಂದಕ್ಕೆ ಇರುತ್ತವೆ, ಪುಟ್ಟ ಬಟ್ಟಲಿನಾಕಾರ. ಅಳಲೆಗೂ ತೊಟ್ಟಿನ ತುದಿಯಲ್ಲಿ ಎರಡು ಗ್ರಂಥಿಗಳಿವೆ. ಆದರೆ ಅಳಲೆಯ ಕಾಯಿಗೆ ರೆಕ್ಕೆ ಇಲ್ಲವಲ್ಲ. ಮೂರು ಗುರುತನ್ನು ಒಟ್ಟಿಗೆ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಒಂದೊಂದು ಗುರುತೂ ಬೇರೊಂದು ಮರದಲ್ಲಿ ಸಿಗಬಹುದು, ಮೂರೂ ಸೇರಿ ಸಿಗುವುದು ಹೊಳೆಮತ್ತಿಯಲ್ಲಿ ಮಾತ್ರ.

ಎಲೆಯ ಮೇಲೆ ಮೊಡವೆಯಂಥ ಗುಳ್ಳೆಗಳು ಒತ್ತಾಗಿ ಕಂಡರೆ ಗಾಬರಿಯಾಗಬೇಡಿ. ಸಸ್ಯರಸ ಹೀರುವ ಒಂದು ಪುಟ್ಟ ಕೀಟದ ಕೆಲಸ ಅದು, ಈ ಮರಕ್ಕೆ ಮಾಮೂಲು. ಜಾರ್ಖಂಡದ ಕಡೆ ಟಸರ್ ರೇಷ್ಮೆ ಹುಳುವನ್ನು ಇದೇ ಮರದ ಎಲೆಯ ಮೇಲೆ ಸಾಕುತ್ತಾರೆ. ಅಲ್ಲಿ ಮಾತ್ರ ಎಲೆಯ ಗುಳ್ಳೆ ದೊಡ್ಡ ತಲೆನೋವು.

ಹೂವಿನಿಂದ ಗುರುತಿಗೆ ಹೆಚ್ಚು ಸಹಾಯವಿಲ್ಲ. ಬೇಸಿಗೆಯ ಕೊನೆಯಲ್ಲಿ, ಏಪ್ರಿಲ್‌ನಿಂದ ಜೂನ್ ಆಚೀಚೆ, ತೆನೆಯಂಥ ಕಡ್ಡಿಗಳಲ್ಲಿ ಬಿಳಿಹಳದಿ ಬಣ್ಣದ ಸಣ್ಣ ಹೂಗಳು ಬರುತ್ತವೆ. ಎಸಳಿಲ್ಲ, ಕೇಸರಗಳೇ ಕಾಣುವುದು. ಜೇನ್ನೊಣಗಳು ಮುತ್ತುತ್ತವೆ. ಕಾಯಿ ಬಲಿಯಲು ಹೆಚ್ಚುಕಡಿಮೆ ಮುಂದಿನ ಬೇಸಿಗೆಯವರೆಗೂ ಕಾಲ ಬೇಕು.

ಅಂಗಡಿಯ ಚಕ್ಕೆ

ಹೊಳೆದಂಡೆಗೆ ಹೋಗಲಾಗದವರು ಅಂಗಡಿಯ ಚಕ್ಕೆಯನ್ನಾದರೂ ಪರೀಕ್ಷಿಸಿ ಕೊಳ್ಳಬೇಕು. ಮೊದಲ ಮಾತು: ಪುಡಿ ಕೊಳ್ಳಬೇಡಿ, ಚಕ್ಕೆ ಕೊಳ್ಳಿ. ಪುಡಿಯಾದ ಮೇಲೆ ಅರ್ಜುನ, ಕರಿಮತ್ತಿ, ಮರದ ಹೊಟ್ಟು ಎಲ್ಲ ಒಂದೇ ಬಣ್ಣ. ಒಳ್ಳೆಯ ಚಕ್ಕೆ ಚಪ್ಪಟೆಯಾಗಿ ಅಥವಾ ಒಳಕ್ಕೆ ಬಾಗಿ ದೋಣಿಯಾಕಾರದಲ್ಲಿ ಇರುತ್ತದೆ. ಹೊರಮೈ ನುಣುಪು ಬೂದಿ ಬಣ್ಣ, ಒಳಮೈ ನಸುಗೆಂಪಿನಿಂದ ಕೆಂಪುಕಂದು, ಉದ್ದಕ್ಕೆ ನಾರಿನ ಗೆರೆ. ಬಾಯಿಗೆ ಹಾಕಿದರೆ ತುಸು ಕಹಿ, ಹೆಚ್ಚು ಒಗರು, ನಾಲಗೆ ಸೊರಗಿದಂತಾಗುತ್ತದೆ. ಹೊರಮೈ ಕಪ್ಪಾಗಿ ಒರಟಾಗಿ ಬಿರುಕು ಬಿಟ್ಟಿದ್ದರೆ ಅದು ಕರಿಮತ್ತಿ ಇರಬಹುದು, ಬೇಡವೆನ್ನಿ. ಹೊರಮೈಯನ್ನು ಪೂರ್ತಿ ಕೆತ್ತಿ ತೆಗೆದು ಬರೀ ಕೆಂಪು ತಿರುಳಿನ ಚೂರುಗಳನ್ನು ಮಾರುತ್ತಿದ್ದರೆ ಅದನ್ನೂ ಬಿಡಿ. ಗುರುತು ಹಿಡಿಯಲು ಬೇಕಾದ ಭಾಗವೇ ಅಲ್ಲಿ ಉಳಿದಿಲ್ಲ.

ಕಷಾಯವನ್ನು ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿ, ಕಪ್ಪಾದರೆ ಅಸಲಿ ಎಂದು ಹೇಳುವವರಿದ್ದಾರೆ. ಇದನ್ನು ನಂಬಬೇಡಿ. ಒಗರಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು ಅದು. ಕರಿಮತ್ತಿ, ಅಳಲೆ, ದಾಳಿಂಬೆ ಸಿಪ್ಪೆ, ಯಾವುದನ್ನು ಹಾಕಿದರೂ ಹಾಗೇ ಆಗುತ್ತದೆ. ಪ್ರಯೋಗಾಲಯದವರು ನೋಡುವುದು ಬೇರೆಯದನ್ನು. ಅರ್ಜುನ ತೊಗಟೆಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹೂವಿನಾಕಾರದ ದೊಡ್ಡ ಹರಳುಗಳು ಹೇರಳವಾಗಿರುತ್ತವೆ, ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಕ್ಯಾಲ್ಸಿಯಂ ಇಷ್ಟಿರುವುದರಿಂದಲೇ ಶ್ರೀಲಂಕಾದಲ್ಲಿ ಹಿಂದೆ ಕುಂಬುಕ್ ತೊಗಟೆಯನ್ನು ಸುಟ್ಟು ಬಂದ ಬೂದಿಯನ್ನು ಎಲೆಅಡಿಕೆಗೆ ಸುಣ್ಣವಾಗಿ ಬಳಸುತ್ತಿದ್ದರು. ಹರಳಿನ ಜೊತೆಗೆ ಅರ್ಜುನೋಲಿಕ್ ಆಮ್ಲ, ಅರ್ಜುನಿಕ್ ಆಮ್ಲ ಮೊದಲಾದ ರಾಸಾಯನಿಕಗಳ ಗುರುತನ್ನೂ ಪ್ರಯೋಗಾಲಯದಲ್ಲಿ ಹಿಡಿಯುತ್ತಾರೆ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ವೈದ್ಯರು, ಔಷಧಿ ತಯಾರಕರು ಈ ಪರೀಕ್ಷೆಯ ವರದಿ ಕೇಳಿಯೇ ಕೊಳ್ಳಬೇಕು.

ವೈದ್ಯದಲ್ಲಿ ಅರ್ಜುನ

ಅರ್ಜುನವನ್ನು ಎಲ್ಲ ಹಳೆಯ ಗ್ರಂಥಗಳೂ ಹೃದಯದ ಮದ್ದು ಎಂದೇ ಹೇಳಿವೆ ಎನ್ನುವುದು ಸರಿಯಲ್ಲ. ಚರಕ ಇದನ್ನು ಸೇರಿಸಿದ್ದು ಉದರ್ದ ಎಂಬ ಚರ್ಮದ ದದ್ದನ್ನು ಶಮನ ಮಾಡುವ ಮದ್ದುಗಳ ಗುಂಪಿಗೆ. ಸುಶ್ರುತದಲ್ಲಿ ಇದು ನ್ಯಗ್ರೋಧಾದಿ, ಸಾಲಸಾರಾದಿ ಗಣಗಳಲ್ಲಿ ಬರುತ್ತದೆ. ಹೃದಯದ ಕಾಯಿಲೆಗೆ ಇದನ್ನು ಹೇಳಿದ ಮೊದಲಿಗನೆಂದು ವಾಗ್ಭಟನನ್ನು ಹೆಸರಿಸುತ್ತಾರೆ. ಆಮೇಲೆ 11ನೇ ಶತಮಾನದ ಚಕ್ರದತ್ತ ಹಾಲಿನಲ್ಲಿ, ತುಪ್ಪದಲ್ಲಿ ಇದನ್ನು ಕೊಡುವ ಕ್ರಮವನ್ನು ಎತ್ತಿ ಹಿಡಿದ. ರಸ ಕಷಾಯ, ವೀರ್ಯ ಶೀತ, ಕಫ ಪಿತ್ತಗಳನ್ನು ತಗ್ಗಿಸುತ್ತದೆ ಎಂಬುದು ಆಯುರ್ವೇದದ ವಿವರಣೆ. ಮೂಳೆ ಮುರಿತಕ್ಕೆ, ಗಾಯ ತೊಳೆಯಲಿಕ್ಕೆ ಸಹ ಬಳಕೆಯಿದೆ. ಪಾರ್ಥಾದ್ಯರಿಷ್ಟ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಅರ್ಜುನಾರಿಷ್ಟದ ಮುಖ್ಯ ದ್ರವ್ಯ ಇದೇ ತೊಗಟೆ.

ಹಾಲಿನ ಕಷಾಯಕ್ಕೆ ಕ್ಷೀರಪಾಕ ಎನ್ನುತ್ತಾರೆ. ಒಂದು ಪಾಲು ತೊಗಟೆ, ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. ಸಣ್ಣ ಉರಿಯಲ್ಲಿ ನೀರೆಲ್ಲ ಆವಿಯಾಗಿ ಹಾಲಿನಷ್ಟು ಉಳಿಯುವ ತನಕ ಕಾಯಿಸಿ ಸೋಸುವುದು ಪದ್ಧತಿ. ಐದು ಗ್ರಾಂ ತೊಗಟೆಯಾದರೆ 40 ಮಿಲಿಲೀಟರ್ ಹಾಲು, 160 ಮಿಲಿಲೀಟರ್ ನೀರು. ಭಾರತೀಯ ಆಯುರ್ವೇದ ಫಾರ್ಮಕೊಪಿಯದಲ್ಲಿ ತೊಗಟೆ ಪುಡಿಯ ಪ್ರಮಾಣ 3ರಿಂದ 6 ಗ್ರಾಂ ಎಂದಿದೆ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರು ರೋಗಿಯ ಮೈ ನೋಡಿ ತೀರ್ಮಾನಿಸಬೇಕು. ವಿಧಾನವನ್ನು ಇಲ್ಲಿ ಬರೆದದ್ದು ಮನೆಯಲ್ಲಿ ನೀವೇ ಶುರು ಮಾಡಲಿ ಎಂದಲ್ಲ. ವೈದ್ಯರು ಬರೆದುಕೊಟ್ಟದ್ದನ್ನು ಸರಿಯಾಗಿ ಮಾಡಿಕೊಳ್ಳಲಿ ಎಂದು.

ಆಧುನಿಕ ಪ್ರಯೋಗಗಳ ಮಾತನ್ನು ಮುಚ್ಚಿಡದೆ ಹೇಳಬೇಕು. 1995ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ತೀವ್ರ ಹೃದಯ ವೈಫಲ್ಯದ 12 ರೋಗಿಗಳಿಗೆ ಅವರ ಮಾಮೂಲಿ ಔಷಧದ ಜೊತೆಗೆ ಅರ್ಜುನದ ಸಾರ ಕೊಟ್ಟಾಗ ಸುಧಾರಣೆ ಕಂಡಿತ್ತು. ಮುಂದೆ ದೆಹಲಿಯ ಏಮ್ಸ್‌ನ ವೈದ್ಯರು ಇನ್ನೂ ಹೆಚ್ಚು ರೋಗಿಗಳೊಂದಿಗೆ 12 ವಾರ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೃದಯ ರಕ್ತ ಪಂಪ್ ಮಾಡುವ ಸಾಮರ್ಥ್ಯ ಹೆಚ್ಚಿದ್ದು ಕಾಣಲಿಲ್ಲ. ಅಂದರೆ ಈ ಮರದ ಮೇಲಿನ ನಂಬಿಕೆಗೆ ಆಧಾರವೇ ಇಲ್ಲವೆಂದಲ್ಲ, ಆದರೆ ಜನ ಹೇಳಿಕೊಳ್ಳುವಷ್ಟು ಗಟ್ಟಿಯಾಗಿ ಅದು ಸಾಬೀತಾಗಿಲ್ಲ. ಅರ್ಜುನ ಸಿಕ್ಕಿತೆಂದು ರಕ್ತದೊತ್ತಡದ ಮಾತ್ರೆ ಬಿಡುವುದು, ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತಿಳಿಯಾಗಿಸುವ ಮಾತ್ರೆ ನಿಲ್ಲಿಸುವುದು ಜೀವಕ್ಕೇ ಕುತ್ತು. ಎದೆನೋವು ಬಂದಾಗ ಕಷಾಯ ಕಾಯಿಸುತ್ತ ಕೂರುವ ಹೊತ್ತಲ್ಲ ಅದು, ಆಸ್ಪತ್ರೆಗೆ ಓಡಬೇಕಾದ ಹೊತ್ತು. ಈಗಾಗಲೇ ಹೃದಯದ ಔಷಧ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕಬ್ಬಿಣಾಂಶದ ಮಾತ್ರೆ ನುಂಗುವವರು ಅದರ ಜೊತೆಯಲ್ಲೇ ಈ ಕಷಾಯ ಕುಡಿಯಬಾರದು, ಬಾಣಲೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟ ಒಗರು ಹೊಟ್ಟೆಯಲ್ಲೂ ಹಿಡಿದಿಡುತ್ತದೆ. ಒಗರು ಹೆಚ್ಚಾದರೆ ಮಲಬದ್ಧತೆಯೂ ಆಗುತ್ತದೆ.

ತೊಗಟೆ ತೆಗೆಯುವುದಾದರೆ

ಇಡೀ ಲೇಖನದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಭಾಗ ಇದು. ಮರದ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಬಳೆಯಂತೆ ಒಂದು ಗೇಣು ತೊಗಟೆ ಸುಲಿದರೂ ಸಾಕು, ಬೇರಿಗೆ ಊಟ ನಿಂತು ಮರ ಮೆಲ್ಲಗೆ ಸಾಯುತ್ತದೆ. ಆಳೆತ್ತರದವರೆಗೆ ಸುತ್ತಲೂ ಸುಲಿದ ಮರಗಳು ದಂಡೆಯಲ್ಲಿ ನಿಂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರ ಸಂಕಟ ಎರಡು ಪಟ್ಟಾಗುವುದು ಸುಲಿದ ಮರ ಹೊಳೆಮತ್ತಿಯೇ ಅಲ್ಲ ಎಂದು ತಿಳಿದಾಗ. ಗುರುತು ತಪ್ಪಿದರೆ ರೋಗಿಗೂ ಪ್ರಯೋಜನವಿಲ್ಲ, ಮರವೂ ಹೋಯಿತು.

ಸರಿಯಾಗಿ ತೆಗೆದರೆ ತೊಗಟೆ ಮತ್ತೆ ಬೆಳೆಯುತ್ತದೆ, ಅದು ಈ ಮರದ ದೊಡ್ಡ ಗುಣ. ಸ್ವಂತ ಜಮೀನಿನ ಬಲಿತ ಮರದಿಂದ ಮಾತ್ರ ತೆಗೆಯಿರಿ. ಎಳೆಯ ಮರವನ್ನು ಮುಟ್ಟಬೇಡಿ. ಕಾಂಡದ ಉದ್ದಕ್ಕೆ ಅಂಗೈ ಅಗಲದ, ಒಂದೆರಡು ಗೇಣು ಉದ್ದದ ಪಟ್ಟಿ ಒಂದು ಬದಿಯಿಂದ, ಬೇಕಿದ್ದರೆ ಅದರ ಎದುರು ಬದಿಯಿಂದ ಇನ್ನೊಂದು. ಹೊರ ಮತ್ತು ನಡುವಿನ ಪದರ ಮಾತ್ರ ಕೆತ್ತಬೇಕು, ಬಿಳಿಯ ಮರ ಕಾಣುವಷ್ಟು ಆಳಕ್ಕೆ ಹೋಗಬಾರದು. ಹರಿತವಾದ ಕತ್ತಿ ಇರಲಿ, ಕೊಡಲಿ ಬೇಡ. ಅದೇ ಮರಕ್ಕೆ ಮತ್ತೆ ಕೈ ಹಾಕುವ ಮೊದಲು ಹಳೆಯ ಗಾಯ ಪೂರ್ತಿ ತುಂಬಿರಬೇಕು, ಅದಕ್ಕೆ ಎರಡು ವರ್ಷವಾದರೂ ಕಾಯಿರಿ. ತೆಗೆದ ಚಕ್ಕೆಯನ್ನು ನೆರಳಲ್ಲಿ ಹರಡಿ ಒಣಗಿಸಿ, ಹಸಿಯಾಗಿ ಚೀಲಕ್ಕೆ ತುಂಬಿದರೆ ಬೂಸಲು ಹಿಡಿಯುತ್ತದೆ. ಕಾಡಿನ, ಸರ್ಕಾರಿ ಜಾಗದ ಮರಗಳ ತೊಗಟೆ ಅರಣ್ಯ ಉತ್ಪನ್ನ, ಅನುಮತಿಯಿಲ್ಲದೆ ತೆಗೆಯುವುದು ಅಪರಾಧ. ವನ್ಯಜೀವಿಧಾಮದೊಳಗಂತೂ ಬಿದ್ದ ಕಾಯಿಯನ್ನೂ ನೋಡಿ ಅಲ್ಲೇ ಇಟ್ಟು ಬರಬೇಕು.

ಮರವನ್ನು ಬರೆದಿಡುವುದು

ನಿಮ್ಮೂರಿನಲ್ಲಿ ಒಂದು ಹೊಳೆಮತ್ತಿ ಸಿಕ್ಕಿದರೆ ಅದನ್ನು ದಾಖಲಿಸಿ. ಒಂದು ನೋಟ್‌ಬುಕ್ ಸಾಕು. ದಿನಾಂಕ, ಊರು, ನೀರಿನಿಂದ ಎಷ್ಟು ದೂರ, ಊರಿನವರು ಕರೆಯುವ ಹೆಸರು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ, ಅರಣ್ಯ ಇಲಾಖೆಯವರು ಅಳೆಯುವ ಎತ್ತರವೇ ಇದು. ತೊಗಟೆಯ ಬಣ್ಣ, ಹಕ್ಕಳೆ ಏಳುವ ಬಗೆ. ಎಲೆಯ ಉದ್ದಗಲ, ತೊಟ್ಟಿನ ಗ್ರಂಥಿ ಎಲ್ಲಿದೆ, ಎಷ್ಟು. ಕಾಯಿಯ ರೆಕ್ಕೆ ಎಷ್ಟು, ಗೆರೆ ಬಾಗಿದೆಯೋ ನೇರವೋ. ಹಸಿಯಾಗಿದ್ದಾಗಲೇ ಬರೆಯಿರಿ. ಒಣಗಿದ ಮೇಲೆ ಬಣ್ಣ, ವಾಸನೆ ಎರಡೂ ಹೋಗುತ್ತವೆ. ಫೋಟೊ ತೆಗೆಯುವಾಗ ಇಡೀ ಮರದ್ದೊಂದು, ತೊಗಟೆಯದ್ದೊಂದು, ಎಲೆಯ ಎರಡೂ ಮೈಯದ್ದು, ತೊಟ್ಟಿನದು ಬಲು ಹತ್ತಿರದಿಂದ, ಕಾಯಿಯದು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಬರೀ ಎಲೆಯ ಫೋಟೊ ಕಳಿಸಿ ಇದು ಯಾವ ಮರ ಎಂದು ಕೇಳಿದರೆ ಎಂಥ ತಜ್ಞರಿಗೂ ಖಚಿತವಾಗಿ ಹೇಳಲಾಗುವುದಿಲ್ಲ.

ಇನ್ನೂ ಖಾತ್ರಿ ಬೇಕೆಂದರೆ ಎಲೆ, ಹೂ ಅಥವಾ ಕಾಯಿ ಇರುವ ಒಂದು ರೆಂಬೆಯನ್ನು ಹಳೆಯ ದಿನಪತ್ರಿಕೆಗಳ ನಡುವೆ ಹರಡಿ, ಮೇಲೆ ಭಾರ ಹೇರಿ, ದಿನಾ ಕಾಗದ ಬದಲಿಸುತ್ತ ಒಣಗಿಸಿ. ಒಂದು ಎಲೆಯನ್ನು ಬೋರಲಾಗಿ ಇಡುವುದನ್ನು ಮರೆಯಬೇಡಿ, ಗ್ರಂಥಿ, ನರ ಕಾಣುವುದು ಕೆಳಮೈಯಲ್ಲಿ. ಇಂಥ ಮಾದರಿಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗಕ್ಕೋ ಒಯ್ದು ತೋರಿಸಬಹುದು. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧೀಯ ಸಸ್ಯಗಳಿಗಾಗಿಯೇ ಸಸ್ಯಮಾದರಿ ಸಂಗ್ರಹಾಲಯ ಇಟ್ಟುಕೊಂಡಿದೆ. ಯಲಹಂಕದ ಹತ್ತಿರ ಇರುವ ಅದರ ಆವರಣದಲ್ಲಿ ಮರಗಳನ್ನೂ ಬೆಳೆಸಿದ್ದಾರೆ.

ಕೊನೆಗೆ, ಬೆಳೆಸುವ ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ಬಲಿತು ಬಿದ್ದ ಕಾಯಿಗಳನ್ನು ಆರಿಸಿ. ಹುಳು ತೂತು ಮಾಡಿದ್ದನ್ನು ಬಿಸಾಡಿ. ಕಾಯಿ ಒಡೆಯಬೇಕಿಲ್ಲ, ಇಡಿಯಾಗಿಯೇ ಎರಡು ದಿನ ನೀರಲ್ಲಿ ನೆನೆಸಿ ಮರಳು ಬೆರೆಸಿದ ಮಣ್ಣಿನ ಪಾತಿಯಲ್ಲಿ ಊರಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ತೇವ ಆರದಂತೆ ನೋಡಿಕೊಳ್ಳಿ. ಮೊಳಕೆ ಒಟ್ಟಿಗೆ ಬರುವುದಿಲ್ಲ, ಕೆಲವು ಬೇಗ, ಕೆಲವು ತಿಂಗಳು ಮೀರಿ. ಬರುವುದೂ ಹಾಕಿದ್ದರಲ್ಲಿ ಅರ್ಧದಷ್ಟು ಎಂದು ಲೆಕ್ಕವಿಟ್ಟುಕೊಂಡು ಹೆಚ್ಚೇ ಹಾಕಿ. ನಾಲ್ಕೆಲೆ ಬಿಟ್ಟ ಮೇಲೆ ಪಾಲಿಥಿನ್ ಚೀಲಕ್ಕೆ ವರ್ಗಾಯಿಸಿ, ಮುಂದಿನ ಮಳೆಗಾಲಕ್ಕೆ ನೆಲಕ್ಕೆ ಹಾಕಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಿ. ಕೃಷಿಹೊಂಡದ ಅಂಚು, ಕೆರೆ ಏರಿಯ ಕೆಳಬದಿ, ಹಳ್ಳದ ದಡ, ಬೇರೆ ಮರ ಬರದ ಚೌಳು ನೆಲ ಸಹ ಇದಕ್ಕೆ ಆಗುತ್ತದೆ. ಮನೆಯ ಗೋಡೆಯಿಂದ, ಬಾವಿಯಿಂದ ದೂರ ನೆಡಿ, ಬುಡ ಬಹಳ ಅಗಲವಾಗುತ್ತದೆ. ಮೊದಲೆರಡು ಬೇಸಿಗೆ ನೀರು ಕೊಟ್ಟು, ದನ ಆಡು ಮುಟ್ಟದಂತೆ ಬೇಲಿ ಕಟ್ಟಿದರೆ ಆಮೇಲೆ ಅದರ ಪಾಡಿಗೆ ಅದು ಬೆಳೆದುಕೊಳ್ಳುತ್ತದೆ.